ಬೇಣದ ಕಲ್ಲಿಗೆ ಪಿಕಾಸಿ ಯಾಕೆ ಸೋಲುತ್ತದೆ?

ಹೋದ ಸಂಚಿಕೆಯಲ್ಲಿ ಹಾರೆ ಮತ್ತು ಗುದ್ದಲಿ ಬಗ್ಗೆ ಎರಡು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಕಾಸಿಯದೇ. ಮಳೆಗಾಲದ ಮೊದಲು ಗುಂಡಿ ತೋಡುವ ಕೆಲಸ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತದೆ, ಅಲ್ವಾ? ಹಾಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ. ಹೊಸಬರಿಗೆ ನನ್ನ ಪರಿಚಯ ಇಷ್ಟೇ: ಕುಮಟೆಯಲ್ಲಿ 31 ವರ್ಷದಿಂದ ಕಬ್ಬಿಣದ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಅಪ್ಪ ಕೂರುತ್ತಿದ್ದ ಗಲ್ಲೆಯಲ್ಲಿ ಈಗ ನಾನು ಕೂರುತ್ತೇನೆ. ಹಿಂದಿನ ಓಣಿಯಲ್ಲಿ ಒಬ್ಬ ಆಚಾರಿಯವರ ಕುಲುಮೆ ಇದೆ. ನನಗೆ ಗೊತ್ತಿರುವುದರಲ್ಲಿ ಅರ್ಧ ಅಲ್ಲಿ ನಿಂತು ನೋಡಿದ್ದು.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಅಘನಾಶಿನಿ ದಂಡೆಯ ಮೇಲಿನ ಗುಡ್ಡದಲ್ಲಿ ನಮ್ಮದು ಸ್ವಲ್ಪ ಬೇಣ (ಹುಲ್ಲುಗಾವಲು) ಇದೆ. ಗೇರು ಹಾಕೋಣ ಅಂತ ಗುಂಡಿ ತೋಡಲು ಹೋದೆ. ಎರಡು ದಿನಕ್ಕೆ ಒಂದೇ ಗುಂಡಿ, ಅದೂ ಮೊಣಕಾಲಿನವರೆಗೂ ಬಂದಿಲ್ಲ. ಪಿಕಾಸಿ ಹೊಡೆದರೆ ಟಣ್ ಅಂತ ವಾಪಸ್ ಹಾರುತ್ತದೆ, ಮೊಣಕೈವರೆಗೆ ಜುಮ್ ಅನ್ನುತ್ತದೆ. ಜೆಸಿಬಿ ಹತ್ತಲು ದಾರಿ ಇಲ್ಲ. ತಪ್ಪು ನನ್ನದೋ, ಪಿಕಾಸಿಯದೋ?
– ಕುಮಟಾ ತಾಲೂಕಿನ ಓದುಗರು

ಪಿಕಾಸಿಯದಂತೂ ಅಲ್ಲ. ನಿಮ್ಮದು ಸ್ವಲ್ಪ ಇದೆ. ಜಾಸ್ತಿ ಇರುವುದು ಆ ನೆಲದ್ದು.

ಬೇಣದ ಮೇಲೆ ಹುಲ್ಲು ಬಿಟ್ಟರೆ ಬೇರೆ ಏನೂ ಯಾಕೆ ಬೆಳೆಯಲ್ಲ ಅಂತ ಯೋಚಿಸಿದ್ದೀರಾ? ಕೆಳಗೆ ಚಿರೇಕಲ್ಲಿನ ಹಾಸು ಇರುತ್ತದೆ. ಲಕ್ಷಾಂತರ ವರ್ಷ ಮಳೆ ಬಿದ್ದು ಬಿದ್ದು ಮಣ್ಣಿನ ಬೇರೆ ಸಾರವೆಲ್ಲ ತೊಳೆದು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಅಂಶ ಉಳಿದುಕೊಂಡು ಆದ ಕಲ್ಲು ಅದು. ತುಕ್ಕಿನ ಬಣ್ಣ ಬಂದಿರುವುದೂ ಆ ಕಬ್ಬಿಣದಿಂದಲೇ. ಈ ಕಲ್ಲಿಗೆ ಒಂದು ವಿಚಿತ್ರ ಗುಣ ಇದೆ. ನೆಲದ ಒಳಗೆ ಇರುವಷ್ಟು ದಿನ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. 1801ರಲ್ಲಿ ನಮ್ಮ ಕರಾವಳಿಯಲ್ಲಿ ಓಡಾಡಿ ಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನಲ್ಲಿ ಈ ಕಲ್ಲು ನೋಡಿ ಇದನ್ನೇ ಬರೆದಿಟ್ಟ. ಅಗೆದಾಗ ಕಬ್ಬಿಣದ ಉಪಕರಣದಿಂದ ಸಲೀಸಾಗಿ ಕತ್ತರಿಸಬಹುದು, ಆಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಅಂತ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಲ್ಯಾಟರೈಟ್ ಅಂತ ಹೆಸರನ್ನೂ ಕೊಟ್ಟ. ನಮ್ಮವರಿಗೆ ಇದು ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು ಅನ್ನಿ. ಮಿರ್ಜಾನ್ ಕೋಟೆಯ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಅಂದರೆ ನೀವು ಹೊಡೆಯುತ್ತಿರುವುದು ಕಲ್ಲಿನ ಎಲ್ಲಕ್ಕಿಂತ ಗಟ್ಟಿ ಪದರಕ್ಕೆ. ಬಿಸಿಲು ಕುಡಿದು ಕುಡಿದು ಸೆಟೆದ ಮೇಲ್ಮೈ ಅದು. ಅದೊಂದು ದಾಟಿದರೆ ಕೆಳಗೆ ಮೆತ್ತಗಿನ ಕಲ್ಲು, ಇನ್ನೂ ಕೆಳಗೆ ಹೋದರೆ ಶೇಡಿ ಎಂಬ ಮೆತ್ತನೆ ಜೇಡಿಮಣ್ಣು. ಬಾವಿ ತೋಡುವವರನ್ನು ಕೇಳಿ. ಮೊದಲ ನಾಲ್ಕು ಅಡಿಗೆ ಬಯ್ದಷ್ಟು ಅವರು ಮುಂದಿನ ಹತ್ತು ಅಡಿಗೆ ಬಯ್ಯುವುದಿಲ್ಲ.

ಈಗ ನಿಮ್ಮ ತಪ್ಪಿಗೆ ಬರೋಣ. ಹೊಸಬರೆಲ್ಲ ಪಿಕಾಸಿಯಿಂದ ಕಲ್ಲು ಒಡೆಯಲು ಹೋಗುತ್ತಾರೆ. ಪಿಕಾಸಿಯ ಕೆಲಸ ಅದಲ್ಲ. ಅದರ ಕೆಲಸ ಬಿರುಕು ಹುಡುಕುವುದು. ಎರಡೂವರೆ ಮೂರು ಕಿಲೋ ತೂಕವೆಲ್ಲ ಹೆಸರುಕಾಳಿನಷ್ಟು ತುದಿಯ ಮೇಲೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಸಂದಿ ಇದ್ದರೆ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ವಾಪಸ್ ಬರುತ್ತದೆ. ವಾಪಸ್ ಬಂದ ಜಾಗಕ್ಕೇ ಸಿಟ್ಟಿನಿಂದ ಮತ್ತೆ ಹತ್ತು ಸಲ ಹೊಡೆದರೆ ಕೈ ಮಾತ್ರ ಬೊಬ್ಬೆ ಏಳುತ್ತದೆ.

ನಾಳೆ ಬೆಳಿಗ್ಗೆ ಬೇಣಕ್ಕೆ ಹೋದ ಕೂಡಲೇ ಅಗೆಯಲು ಶುರು ಮಾಡಬೇಡಿ. ಪಿಕಾಸಿಯನ್ನು ಒಂದು ಅಡಿ ಎತ್ತಿ ಸುಮ್ನೆ ಬಿಡುತ್ತಾ ನಾಲ್ಕು ಕಡೆ ಸದ್ದು ಕೇಳಿ. ಟಣ್ ಅಂದರೆ ಹಾಸುಕಲ್ಲು. ದಬ್ ಅಂದರೆ ಕೆಳಗೆ ಮಣ್ಣಿನ ಹೊಂಡ ಇದೆ, ಇಲ್ಲವೇ ಕಲ್ಲು ಬಿರಿದಿದೆ. ಗುಂಡಿಯನ್ನು ಎರಡು ಮೂರು ಅಡಿ ಆಚೀಚೆ ಸರಿಸಿದರೆ ಗೇರು ಗಿಡ ಏನೂ ಬೇಜಾರು ಮಾಡಿಕೊಳ್ಳಲ್ಲ. ಸಾಲು ನೇರ ಇರಲೇಬೇಕು ಅಂತ ಹಟ ಹಿಡಿದು ಹಾಸುಕಲ್ಲಿಗೆ ತಲೆ ಕೊಟ್ಟವರನ್ನು ತುಂಬಾ ನೋಡಿದ್ದೇನೆ. ಎಂಜಿನಿಯರ್ ಓದಿದವರೇ ಜಾಸ್ತಿ, ಬೇಸರ ಮಾಡಿಕೊಳ್ಳಬೇಡಿ.

ದಬ್ ಅಂದ ಜಾಗದಲ್ಲಿ ಗುಂಡಿಯ ನಡುವೆ ಮೊದಲು ಒಂದು ಬೋಗುಣಿ ಗಾತ್ರದ ತೂತು ಮಾಡಿ. ಪೂರ್ತಿ ಅಗಲಕ್ಕೆ ಒಟ್ಟಿಗೇ ಕೈ ಹಾಕಬೇಡಿ. ನಡುವೆ ತೂತು ಬಿತ್ತು ಅಂದರೆ ಸುತ್ತಲಿನ ಕಲ್ಲಿಗೆ ಬೀಳಲು ಒಂದು ಕಡೆ ಜಾಗ ಸಿಕ್ಕಿತು. ಆಮೇಲೆ ಅಂಚಿನಿಂದ ನಾಲ್ಕು ಬೆರಳು ಹಿಂದೆ ಮೊನೆ ಇಳಿಸಿ. ಹೆಂಟೆ ಹೆಂಟೆಯಾಗಿ ಒಳಗೆ ಬೀಳುತ್ತದೆ. ನಾಲ್ಕೂ ಕಡೆ ಬಂಧಿಯಾದ ಕಲ್ಲನ್ನು ಯಾವ ಪೈಲವಾನನೂ ಒಡೆಯಲಾರ. ಒಂದು ಬದಿ ಬಿಟ್ಟಿದ್ದರೆ ಹತ್ತನೇ ಕ್ಲಾಸಿನ ಹುಡುಗ ಒಡೆಯುತ್ತಾನೆ.

ಹೊಡೆಯುವ ರೀತಿ ಹೇಳಿಬಿಡುತ್ತೇನೆ. ಬಲಗೈ ಪಿಕಾಸಿಯ ತಲೆಯ ಹತ್ತಿರ, ಎಡಗೈ ಕಾವಿನ (ಮರದ ಹಿಡಿಯ) ತುದಿಯಲ್ಲಿ. ಎತ್ತುವಾಗ ಬಲಗೈ ಮೇಲೆ, ಇಳಿಸುವಾಗ ಅದು ಜಾರಿಕೊಂಡು ಎಡಗೈ ಹತ್ತಿರ ಬರಬೇಕು. ನೆತ್ತಿಗಿಂತ ಮೇಲೆ ಎತ್ತುವ ಅಗತ್ಯವೇ ಇಲ್ಲ. ಕೆಳಗೆ ಬರುವಾಗ ನೀವು ಬಲ ಹಾಕಬೇಡಿ, ದಾರಿ ತೋರಿಸಿ, ಅಷ್ಟೇ. ಮೊನೆ ತಾಗುವ ಗಳಿಗೆಗೆ ಹಿಡಿತ ಸ್ವಲ್ಪ ಸಡಿಲ ಇದ್ದರೆ ಆ ಜುಮ್ ಮೊಣಕೈಗೆ ಬರಲ್ಲ. ಇನ್ನೊಂದು ಮಾತು. ಮೊನೆ ಒಳಗೆ ಸಿಕ್ಕಿಕೊಂಡಾಗ ಕಾವನ್ನು ಹಾರೆಯ ಹಾಗೆ ಮೀಟಬೇಡಿ. ನನ್ನ ಅಂಗಡಿಗೆ ಬರುವ ಮುರಿದ ಕಾವುಗಳಲ್ಲಿ ಹೊಡೆದು ಮುರಿದಿದ್ದು ಕಡಿಮೆ, ಮೀಟಿ ಮುರಿದಿದ್ದೇ ಜಾಸ್ತಿ. ಬಿರುಕು ಬಿಡಿಸಿದ ಮೇಲೆ ಪಿಕಾಸಿ ಕೆಳಗಿಟ್ಟು ಹಾರೆ ಎತ್ತಿಕೊಳ್ಳಿ. ಗಟ್ಟಿ ನೆಲಕ್ಕೆ ಈ ಎರಡೂ ಜೋಡಿಯಾಗಿಯೇ ಹೋಗಬೇಕು.

ಗೇರಿಗೆ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಸಾಕು ಅನ್ನುತ್ತಾರೆ. ಗಟ್ಟಿ ಚಿರೇಕಲ್ಲಿನ ನೆಲವಾದರೆ ಮೂರೂ ಅಳತೆ ಒಂದೊಂದು ಮೀಟರ್ ಬೇಕು. ಏಪ್ರಿಲ್–ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡುವುದು ರೂಢಿ. ಒಂದೆರಡು ಅಡ್ಡಮಳೆ ಬೀಳುವವರೆಗೆ ಕಾದರೆ ಕಲ್ಲು ಮೆತ್ತಗಾಗುತ್ತದೆ ಅಂತಲ್ಲ, ಸಂದಿಯ ಮಣ್ಣು ಮೆತ್ತಗಾಗುತ್ತದೆ. ನಮಗೆ ಬೇಕಾದ್ದೂ ಅದೇ.

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸಾದಾ ಪ್ಲಾಸ್ಟಿಕ್‌ದು ಸಾಕು. ಚಪ್ಪಲಿ ಬೇಡ, ಬೂಟು ಇರಲಿ. ನನ್ನ ಎಡಗಾಲಿನ ಮುಂಗಾಲ ಮೂಳೆಯ ಮೇಲೆ ಒಂದು ಅಕ್ಕಿಕಾಳಿನಷ್ಟು ಕಪ್ಪು ಕಲೆ ಇದೆ. ಗಿರಾಕಿಗೆ ತೋರಿಸಲು ಹೋಗಿ ಅಂಗಳದ ಕಲ್ಲಿಗೆ ಒಂದೇ ಒಂದು ಏಟು ಹಾಕಿದ್ದರ ಗುರುತು ಅದು.

ನನ್ನ ಪಿಕಾಸಿಯ ತಲೆ ಪದೇ ಪದೇ ಸಡಿಲ ಆಗುತ್ತದೆ. ಮೊಳೆ ಹೊಡೆದೆ, ಚಕ್ಕೆ ತುರುಕಿದೆ, ಆದರೂ ಅಷ್ಟೇ. ಯಾವ ಮರದ ಕಾವು ಒಳ್ಳೆಯದು?
– ಯಲ್ಲಾಪುರದ ಓದುಗರು

ಮೊಳೆ ಮೊದಲು ಕಿತ್ತು ಹಾಕಿ. ಮೊಳೆ ಹೊಡೆದ ಜಾಗದಿಂದಲೇ ಕಾವು ಸೀಳುತ್ತದೆ.

ಕೊಡಲಿಗೂ ಪಿಕಾಸಿಗೂ ಕಾವು ಕೂರಿಸುವ ರೀತಿ ಬೇರೆ. ಕೊಡಲಿಗೆ ಕಾವನ್ನು ಕೆಳಗಿನಿಂದ ತುರುಕಿ ಮೇಲಿನಿಂದ ಬೆಣೆ ಹೊಡೆಯುತ್ತೇವೆ. ಅಂಗಡಿಯಲ್ಲಿ ಸಿಗುವ ಪಿಕಾಸಿಯ ಕಣ್ಣು, ಅಂದರೆ ಕಾವು ಕೂರುವ ತೂತು ನೋಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಸ್ವಲ್ಪ ಕಿರಿದು. ಕಾವಿನ ಸಪೂರ ತುದಿಯಿಂದ ತಲೆಯನ್ನು ಹಾಕಿ ದಪ್ಪ ತುದಿಯವರೆಗೆ ಜಾರಿಸಬೇಕು, ಬಳೆ ತೊಡಿಸಿದ ಹಾಗೆ. ಕಣ್ಣಿನ ಅಗಲ ಬಾಯಿ ಮೇಲೆ ಇರಲಿ. ಬೀಸಿದಷ್ಟೂ ತಲೆ ಹೊರಗೆ ಎಳೆಯುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಬೆಣೆಯೇ ಬೇಡ. ನೀವು ಪಿಕಾಸಿ ತಲೆಗೆ ಕೊಡಲಿಯ ಕಾವು ಹಾಕಿದ್ದೀರಿ ಅಂತ ನನ್ನ ಅನುಮಾನ. ಕೆಲಸ ಮುಗಿದ ಮೇಲೆ ಕಾವಿನ ತಲೆಯನ್ನು ನೆಲಕ್ಕೆ ಕುಟ್ಟಿದರೆ ಕಬ್ಬಿಣ ಕೆಳಗೆ ಜಾರಿ ಕೈಗೆ ಬರುತ್ತದೆ. ಹೊರುವುದಕ್ಕೂ ಸುಲಭ. ಊರ ಕುಲುಮೆಯಲ್ಲಿ ಮಾಡಿಸಿದ್ದು ಕೆಲವು ಸಲ ಎರಡೂ ಕಡೆ ಒಂದೇ ಅಳತೆ ಇರುತ್ತದೆ. ಅದಕ್ಕೆ ಬೆಣೆ ಬೇಕೇ ಬೇಕು, ಆದರೆ ಮರದ್ದು.

ಮರದ ವಿಷಯಕ್ಕೆ ಯಲ್ಲಾಪುರದವರು ನನ್ನನ್ನು ಕೇಳುತ್ತಿದ್ದೀರಲ್ಲ, ನಗು ಬಂತು. ನಿಮ್ಮ ಕಡೆಯ ದಡಸಲು ಮರವೇ ಕಾವಿಗೆ ರಾಜ. ಬಾಗುತ್ತದೆ, ಮುರಿಯಲ್ಲ. ಹಿಂದೆ ಗಾಡಿಗೂ ಅದನ್ನೇ ಹುಡುಕುತ್ತಿದ್ದರು. ಸಾಗವಾನಿ ದುಬಾರಿ, ನೋಡಲು ಚೆಂದ, ಕಾವಿಗೆ ಮಾತ್ರ ಬೇಡ. ಏಟಿನ ಕೆಲಸಕ್ಕೆ ಚಕ್ಕೆ ಏಳುತ್ತದೆ. ಮರಕ್ಕಿಂತಲೂ ಮುಖ್ಯ ಅದರ ಎಳೆ. ಈ ತುದಿಯಿಂದ ಆ ತುದಿಗೆ ಎಳೆ ನೇರ ಓಡಬೇಕು. ನಡುವೆ ಎಲ್ಲೋ ಎಳೆ ಅಡ್ಡ ಹಾಯ್ದು ಹೊರಗೆ ಬಂದಿದ್ದರೆ ಮುರಿಯುವುದು ಅಲ್ಲೇ. ಗಂಟು ಇರಬಾರದು. ಬಣ್ಣ ಬಳಿದ ಕಾವು ಕೊಳ್ಳಬೇಡಿ, ಬಣ್ಣದ ಕೆಳಗೆ ಏನಿದೆ ಅಂತ ಕಾಣಲ್ಲ. ನಾನೂ ಮಾರುತ್ತೇನೆ, ಆದರೂ ಹೇಳುತ್ತಿದ್ದೇನೆ. ಕಾಡಿಗೆ ಹೋಗಿ ಕಡಿದು ತರಬೇಡಿ, ದಂಡ ಬಿದ್ದರೆ ಪಿಕಾಸಿಗಿಂತ ದುಬಾರಿ.

ಮೊನೆ ಮೊಂಡಾಯಿತು ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ಹಿಡಿಸಿದೆ. ಸೂಜಿಯಂತೆ ಆಯಿತು. ಎರಡೇ ದಿನಕ್ಕೆ ಮಡಚಿಕೊಂಡಿತು. ಕಬ್ಬಿಣ ಕಳಪೆ ಇದೆಯಾ?
– ಅಂಕೋಲಾದ ಓದುಗರು

ಇರಬಹುದು, ಆದರೆ ಮೊದಲ ಅನುಮಾನ ಗ್ರೈಂಡರ್ ಮೇಲೆ. ಒತ್ತಿ ಹಿಡಿದಾಗ ತುದಿ ನೀಲಿಯಾಯಿತೇ? ಆಗಿದ್ದರೆ ಹದ, ಅಂದರೆ ಕಾಸಿ ನೀರಿಗೆ ಅದ್ದಿ ಉಕ್ಕಿಗೆ ಕೊಟ್ಟ ಗಟ್ಟಿತನ, ಹೋಯಿತು.

ನಾನೂ ಇದೇ ತಪ್ಪು ಮಾಡಿ ಕಲಿತವಳು. ಅಂಗಡಿಗೆ ಕೂತ ಎರಡನೇ ವರ್ಷ. ದೂರದ ಊರಿನ ಒಬ್ಬ ವ್ಯಾಪಾರಿ ಕಡಿಮೆ ರೇಟಿಗೆ ಒಂದು ಡಜನ್ ಪಿಕಾಸಿ ಕೊಟ್ಟ. ಕೆಂಪು ಬಣ್ಣ, ಫಳಫಳ. ಒಂದೇ ತಿಂಗಳಲ್ಲಿ ಐದು ವಾಪಸ್ ಬಂದವು. ಮೊನೆಗಳೆಲ್ಲ ಗಿಳಿಯ ಕೊಕ್ಕಿನಂತೆ ಬಾಗಿದ್ದವು. ಗಿರಾಕಿಗಳಿಗೆ ದುಡ್ಡು ಕೊಟ್ಟೆ. ಬಾಗಿದ್ದನ್ನು ಗ್ರೈಂಡರ್‌ಗೆ ಹಿಡಿದು ಚೂಪು ಮಾಡಿ ಮತ್ತೆ ಮಾರೋಣ ಅಂತ ಹೊರಟೆ. ಹಿಂದಿನ ಓಣಿಯ ಆಚಾರಿಯವರು ಬೀಡಿ ತರಲು ಬಂದವರು ನಿಂತು ನೋಡಿದರು. "ಎಂತ ಮಾಡ್ದೆ ತಂಗಿ, ಇದ್ದ ಹದವನ್ನೂ ತೆಗ್ದೆಯಲ್ಲ!" ಅಂದವರೇ ಒಂದನ್ನು ಎತ್ತಿಕೊಂಡು ನಡೆದರು. ನಾನೂ ಹಿಂದೆಯೇ ಹೋದೆ.

ಆ ದಿನ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಇದ್ದಿಲಿನ ಬೆಂಕಿ. ಮೊನೆಯ ಕಡೆ ಅರ್ಧ ಗೇಣು ಮಾತ್ರ ಅದರಲ್ಲಿ. ತಿದಿ ಒತ್ತುತ್ತಾ ಕೂತರು. ಮಾಗಿದ ಮುರುಗಲ ಹಣ್ಣಿನ ಕೆಂಪು ಬಂದಾಗ ತೆಗೆದು ಅಡಿಗಲ್ಲಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ಬಡಿದರು. ಚೂಪು ಬಡಿದೇ ಬರಬೇಕು, ಉಜ್ಜಿ ಅಲ್ಲ. ಉಜ್ಜಿದರೆ ಕಬ್ಬಿಣ ಕಳೆದುಹೋಗುತ್ತದೆ, ಬಡಿದರೆ ಅಲ್ಲೇ ಉಳಿಯುತ್ತದೆ. ಮತ್ತೆ ಕೆಂಪು ಮಾಡಿ ತುದಿಯನ್ನು ಎರಡು ಬೆರಳಿನಷ್ಟು ಮಾತ್ರ ನೀರಿಗೆ ಅದ್ದಿದರು. ಚೊಂಯ್ ಅಂತು. ಪೂರ್ತಿ ಮುಳುಗಿಸಲಿಲ್ಲ. ಹೊರತೆಗೆದು ತುದಿಯನ್ನು ಒಂದು ಕಲ್ಲಿಗೆ ಸರಸರ ಉಜ್ಜಿದರು, ಬೆಳ್ಳಗೆ ಹೊಳೆಯುವ ಹಾಗೆ. "ಈಗ ಮಾತಾಡ್ಬೇಡ, ನೋಡು" ಅಂದರು.

ಹಿಂದಿನ ಭಾಗದಲ್ಲಿ ಉಳಿದಿದ್ದ ಬಿಸಿ ತುದಿಯ ಕಡೆಗೆ ಹರಿದು ಬರತೊಡಗಿತು. ಬರುವಾಗ ಬಣ್ಣ ತರುತ್ತದೆ. ಮೊದಲು ಒಣಹುಲ್ಲಿನ ಹಳದಿ. ಅದರ ಹಿಂದೆ ಕಂದು. ಅದರ ಹಿಂದೆ ನೇರಳೆ. ಕೊನೆಗೆ ನೀಲಿ. ಕಂದು ಹೋಗಿ ನೇರಳೆ ತುದಿಗೆ ತಾಗುತ್ತಿದ್ದ ಹಾಗೆ ಪೂರ್ತಿ ನೀರಿಗೆ ಹಾಕಿಬಿಟ್ಟರು. ಅಷ್ಟೇ. ಹಳದಿಯಲ್ಲೇ ನಿಲ್ಲಿಸಿದ್ದರೆ ತುಂಬಾ ಗಟ್ಟಿ, ಕಲ್ಲಿಗೆ ತಾಗಿದಾಗ ಗಾಜಿನಂತೆ ಚಕ್ಕೆ ಹಾರುತ್ತದೆ. ನೀಲಿ ದಾಟಿಸಿದ್ದರೆ ಮೆತ್ತಗೆ, ಮಡಚುತ್ತದೆ. ನಿಮ್ಮ ಗ್ರೈಂಡರ್ ಮಾಡಿದ್ದು ಇದನ್ನೇ, ಯಾರೂ ನೋಡದೆ ನೀಲಿ ದಾಟಿಸಿದ್ದು.

ಬಡಿದು ಹದ ಹಾಕಿದ ಆ ಒಂದು ಪಿಕಾಸಿಯೂ ಮತ್ತೆ ಮಡಚಿತು. ಉಕ್ಕೇ ಇರಲಿಲ್ಲ ಅದರಲ್ಲಿ, ಬರೀ ಮೆತ್ತನೆ ಕಬ್ಬಿಣ. ಮೆತ್ತನೆ ಕಬ್ಬಿಣಕ್ಕೆ ಎಷ್ಟು ನೀರು ಕುಡಿಸಿದರೂ ಹದ ನಿಲ್ಲಲ್ಲ. ಅದಕ್ಕೇ ಈಗ ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿದ್ದು ಅಂದರೆ ನಾನು ಎರಡು ಮಾತಾಡದೆ ತೆಗೆದುಕೊಳ್ಳುತ್ತೇನೆ. ಕೊಳ್ಳುವಾಗ ಒಂದು ಪರೀಕ್ಷೆ: ಹಳೆ ಅರದ ಮೂಲೆಯಿಂದ ಮೊನೆಯನ್ನು ಗೀರಿ. ಅರ ಬೆಣ್ಣೆಯಲ್ಲಿ ಹೋದಂತೆ ಹೋದರೆ ಬಿಟ್ಟು ಬನ್ನಿ.

ಗ್ರೈಂಡರ್ ಬೇಡವೇ ಬೇಡ ಅನ್ನುತ್ತಿಲ್ಲ. ಹಗುರ ತಾಗಿಸಿ, ಮೂರು ಎಣಿಸುವುದರೊಳಗೆ ನೀರಿಗೆ ಅದ್ದಿ, ಮತ್ತೆ ತಾಗಿಸಿ. ಸೂಜಿ ಮಾಡಬೇಡಿ. ಪೆನ್ಸಿಲಿನ ತುದಿಯಲ್ಲ, ಮೆಣಸಿನಕಾಯಿಯ ತುದಿ ಇರಬೇಕು.

ಪಿಕಾಸಿ ಅನ್ನುವುದು ಕನ್ನಡ ಪದವೇ? ಕಬ್ಬಿಣ ಬರುವ ಮೊದಲು ಜನ ಏನು ಬಳಸುತ್ತಿದ್ದರು?
– ಕಾರವಾರದಿಂದ ಒಂಬತ್ತನೇ ತರಗತಿಯ ವಿದ್ಯಾರ್ಥಿನಿ

ಪುಟ್ಟಿ, ಒಳ್ಳೆಯ ಪ್ರಶ್ನೆ. ಇಂಗ್ಲಿಷಿನ ಪಿಕ್ಯಾಕ್ಸ್ ನಮ್ಮ ಬಾಯಲ್ಲಿ ಪಿಕಾಸಿ ಆಯಿತು. ತಮಾಷೆ ಎಂದರೆ ಇಂಗ್ಲಿಷಿನವರೂ ಅದನ್ನು ಹಾಳು ಮಾಡಿಕೊಂಡೇ ತಂದಿದ್ದು. ಹಳೆಯ ಫ್ರೆಂಚ್‌ನಲ್ಲಿ ಅದು ಪಿಕ್ವಾ ಥರದ ಒಂದು ಪದ. ಕೊಡಲಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಕೊನೆಯ ಸದ್ದು ಕೊಡಲಿಯ ಆಕ್ಸ್‌ನಂತೆ ಕೇಳಿಸಿತು ಅಂತ ಹಾಗೇ ಬರೆದುಕೊಂಡರು. ನಾವು ಅದನ್ನು ತಂದು ಇ ಕಾರ ಹಚ್ಚಿ ಮನೆಯವಳನ್ನಾಗಿ ಮಾಡಿಕೊಂಡೆವು.

ಕಬ್ಬಿಣಕ್ಕೆ ಮೊದಲು ಜಿಂಕೆ ಕೊಂಬು. ಇಂಗ್ಲೆಂಡಿನ ಗ್ರೈಮ್ಸ್ ಗ್ರೇವ್ಸ್ ಎಂಬಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಚಕಮಕಿ ಕಲ್ಲಿನ ಗಣಿಗಳಿವೆ. ಅಲ್ಲಿ ಸುಣ್ಣಗಲ್ಲನ್ನು ಕೊರೆದು ಇಳಿಯಲು ಕೆಂಪು ಜಿಂಕೆಯ ಕೊಂಬನ್ನೇ ಪಿಕಾಸಿ ಮಾಡಿಕೊಂಡಿದ್ದರು. ಕೊಂಬಿನ ಉದ್ದ ಭಾಗ ಕಾವು, ಅಡ್ಡ ಕವಲು ಮೊನೆ. ಅದನ್ನೂ ಕಲ್ಲಿನ ಬಿರುಕಿಗೆ ತೂರಿಸಿ ಎಬ್ಬಿಸುತ್ತಿದ್ದರು.

ಹೆಂಗಸರು ಪಿಕಾಸಿ ಹಿಡಿಯಬಾರದು, ಹೊಟ್ಟೆಗೆ ಒಳ್ಳೆಯದಲ್ಲ ಅಂತ ನಮ್ಮ ಅತ್ತೆ ಹೇಳುತ್ತಾರೆ. ಮನೆ ಹಿಂದೆ ಇಂಗುಗುಂಡಿ ತೋಡಬೇಕು, ಆಳು ಸಿಗುತ್ತಿಲ್ಲ.
– ಶಿರಸಿಯ ಓದುಗರು

ಶಿರಸಿಯಲ್ಲೇ ಕೂತು ಈ ಪ್ರಶ್ನೆ ಕೇಳುತ್ತೀರಾ? ನಿಮ್ಮ ಗಣೇಶನಗರದ ಗೌರಿ ನಾಯ್ಕ ಒಬ್ಬರೇ 60 ಅಡಿ ಬಾವಿ ತೋಡಿದವರು. ಅಡಿಕೆ ತೋಟಕ್ಕೆ ನೀರು ಬೇಕಿತ್ತು, ತೋಡಿದರು. 2024ರಲ್ಲಿ ಅಂಗನವಾಡಿಯ ಮಕ್ಕಳಿಗೆ ಅಂತ ಇನ್ನೊಂದು. ಅತ್ತೆಯವರಿಗೆ ಆ ಸುದ್ದಿ ಓದಿ ಹೇಳಿ, ನಾನು ಹೇಳಿದೆ ಅಂತ ಹೇಳಬೇಡಿ.

ಬಸಿರಿ, ಬಾಣಂತಿ, ಬೆನ್ನು ನೋವಿನವರು ಬೇಡ, ಅದು ಗಂಡಸರಿಗೂ ಹೆಂಗಸರಿಗೂ ಒಂದೇ (ಬೆನ್ನು ನೋವು ಅಂದೆ). ಉಳಿದವರಿಗೆ ತೊಂದರೆ ಆಗುವುದು ಅಳತೆಯಿಂದ. ಅಂಗಡಿಗಳಲ್ಲಿ ಇರುವುದೆಲ್ಲ ಮೂರು ಕಿಲೋ ತಲೆ, ಮೂರು ಅಡಿ ಕಾವು. ನೀವು ಎರಡು ಕಿಲೋದ ಒಳಗಿನ ತಲೆ ಕೇಳಿ. ಕಾವು ನಿಮ್ಮ ಸೊಂಟದವರೆಗೆ ಬಂದರೆ ಸಾಕು. ತೂಕ ಕಡಿಮೆಯಾದರೆ ಏಟು ಎರಡು ಜಾಸ್ತಿ ಬೇಕು, ಅಷ್ಟೇ ವ್ಯತ್ಯಾಸ. ಶಿರಸಿಯ ಮಣ್ಣು ನಮ್ಮ ಬೇಣದಷ್ಟು ಹಟಮಾರಿ ಅಲ್ಲ. ಬೇರು ಸಿಕ್ಕರೆ ಪಿಕಾಸಿಯ ಇನ್ನೊಂದು ಬದಿಯ ಅಗಲ ಬಾಯಿ ತಿರುಗಿಸಿ.

ಕೊಂಕಣ ರೈಲ್ವೆಯ ಸುರಂಗಗಳನ್ನು ಪಿಕಾಸಿಯಿಂದ ತೋಡಿದರು ಅಂತ ಅಜ್ಜ ಹೇಳುತ್ತಾರೆ. ನಿಜವೇ?
– ಹೊನ್ನಾವರದ ಓದುಗರು

ಅರ್ಧ ನಿಜ. ಗಟ್ಟಿ ಕಲ್ಲಿನ ಸುರಂಗಗಳಿಗೆ ಕೊರೆಯುವ ಯಂತ್ರ, ಸಿಡಿಮದ್ದು ಎಲ್ಲ ಬಂದಿತ್ತು. ಕರಿಕಲ್ಲಿಗೆ ಪಿಕಾಸಿ ತಾಗಿಸಿದರೆ ಕಲ್ಲಿಗೆ ಕಚಗುಳಿ ಇಟ್ಟಂತೆ. ಆದರೆ ಒಂಬತ್ತು ಸುರಂಗಗಳಿಗೆ ಸಿಕ್ಕಿದ್ದು ಕಲ್ಲಲ್ಲ, ನೀರು ಕುಡಿದ ಮೆತ್ತನೆ ಮಣ್ಣು. ಅಲ್ಲಿ ಯಂತ್ರ ನಡೆಯಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕೈಯಿಂದಲೇ ತೆಗೆಯಬೇಕಾಯಿತು. ಗೋವಾದ ಪೆಡ್ನೆ ಸುರಂಗ ಎಲ್ಲರಿಗಿಂತ ಜಾಸ್ತಿ ಸತಾಯಿಸಿತು. ಪೂರ್ತಿ ದಾರಿಗೆ ರೈಲು ಓಡಿದ್ದು 1998ರ ಜನವರಿ 26ಕ್ಕೆ. ಗಟ್ಟಿ ಕಲ್ಲಿಗಿಂತ ಮೆತ್ತನೆ ಮಣ್ಣೇ ಕಷ್ಟ ಕೊಟ್ಟಿತು ಅಂದರೆ ಅಜ್ಜ ನಂಬುತ್ತಾರೆ, ಕೇಳಿ ನೋಡಿ.

ಬಿಹಾರದ ದಶರಥ ಮಾಂಝಿ ಬೆಟ್ಟ ಕಡಿದಿದ್ದು ಪಿಕಾಸಿಯಿಂದಲೇ?
– ಭಟ್ಕಳದ ಓದುಗರು

ಸುತ್ತಿಗೆ ಮತ್ತು ಉಳಿ. 1960ರಿಂದ 1982ರವರೆಗೆ, 22 ವರ್ಷ. 110 ಮೀಟರ್ ಉದ್ದದ ದಾರಿ. ಅಂಥ ಬಂಡೆಗೆ ಉಳಿಯೇ ಸರಿ. ಪಿಕಾಸಿಯ ಮೊನೆ ಪ್ರತಿ ಸಲ ಬೇರೆ ಜಾಗಕ್ಕೆ ಬೀಳುತ್ತದೆ, ಉಳಿಯನ್ನು ಬೇಕಾದ ಜಾಗದಲ್ಲೇ ಹಿಡಿದು ಹೊಡೆಯಬಹುದು.

ಅಪ್ಪನ ಕಾಲದ ಪಿಕಾಸಿ ಇದೆ. ಎರಡೂ ಕಡೆ ಸವೆದು ಗಿಡ್ಡ ಆಗಿದೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಟ್ಟುಬಿಡಲಾ?
– ಗೋಕರ್ಣದ ಓದುಗರು

ತಡೆಯಿರಿ. ಕಣ್ಣಿನ ಸುತ್ತ ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಗುಜರಿಗೇ ಹೋಗಲಿ, ಅದಕ್ಕೆ ಮದ್ದಿಲ್ಲ. ಕಣ್ಣು ಗಟ್ಟಿ ಇದ್ದು ಒಂದೊಂದು ಬದಿ ಗೇಣಿನಷ್ಟಾದರೂ ಉಳಿದಿದ್ದರೆ ತುದಿಗೆ ಹೊಸ ಉಕ್ಕು ಹಾಕಿಸಬಹುದು. ಅದಕ್ಕಿಂತ ಗಿಡ್ಡವಾಗಿದ್ದರೂ ಸಣ್ಣ ಕಾವು ಹಾಕಿ ಕೈತೋಟಕ್ಕೆ ಇಟ್ಟುಕೊಳ್ಳಿ. ನಮ್ಮ ಅಪ್ಪನದು ಹಾಗೇ ಆಗಿದೆ. ಸುವರ್ಣಗಡ್ಡೆ ಕೀಳಲು ಅದರಷ್ಟು ಸರಿಯಾದ್ದು ನನ್ನ ಅಂಗಡಿಯಲ್ಲೇ ಇಲ್ಲ.

ಎಷ್ಟು ಖರ್ಚಾಗುತ್ತದೆ ಅಂತ ನೋಡದೆ ಹೇಳಲಾರೆ. ಸಂತೆಯ ದಿನ ತನ್ನಿ, ಆಚಾರಿಯವರೂ ಇರುತ್ತಾರೆ. ಕಾವು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬನ್ನಿ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳ ಬೇಡ.